ಎರಡನೆಯ ಪದರ

ಬೆಳಗಿನ ಎಂಟೂಕಾಲಿಗೆ, ಐದನೆಯ ಸಲ ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಾಗಲೂ, ಕಪ್ಪು ಗೆರೆ ಪರದೆಯ ಮೇಲೆ ಅಲ್ಲೇ ಇತ್ತು. ಜ್ವಾಲಾಮುಖಿಯ ನೆತ್ತಿಯಲ್ಲಿ ಉಬ್ಬಿ ನಿಂತ ಲಾವಾದ ಗುಮ್ಮಟ, ಅದರ ನೈರುತ್ಯದ ಭುಜ, ಆ ಭುಜದ ಮೇಲೆ ಓರೆಯಾಗಿ ಇಳಿದ ಒಂದು ಗೆರೆ. ಮೌಸನ್ನು ಕೂದಲೆಳೆಯಷ್ಟು ಸರಿಸಿದರೆ ಗೆರೆ ಗರಗಸದ ಹಲ್ಲುಗಳಂತೆ ಒಡೆದು ನಡುಗುತ್ತಿತ್ತು. ಕೈ ನಿಂತರೆ ತಾನೂ ನಿಲ್ಲುತ್ತಿತ್ತು. ನೋಡುವವನ ಕೈಯೊಡನೆ ನಡುಗುವುದು ಬೆಟ್ಟದ್ದಲ್ಲ, ಪರದೆಯದ್ದು; ಅಷ್ಟನ್ನು ವೀಕ್ಷಣಾಲಯದ ಮುಖ್ಯಸ್ಥ ಮಾರ್ಸುದಿ ಸೋಮವಾರ ಮೊದಲ ಸಲ ನೋಡಿದಾಗಲೇ ತೀರ್ಮಾನಿಸಿದ್ದ. ಆದರೆ ತೀರ್ಮಾನಿಸುವುದು ಬೇರೆ, ಸಾಧಿಸಿ ತೋರಿಸುವುದು ಬೇರೆ. ಇಂದು ಗುರುವಾರ. ಹನ್ನೊಂದು ಗಂಟೆಗೆ ಮೇಲಿನ ಮೂರು ಹಳ್ಳಿಗಳ ಮುಖಂಡ ವಾಗಿಮಿನ್ ಬಂದು, ಇದೇ ಕುರ್ಚಿಯ ಪಕ್ಕದಲ್ಲಿ ಕುಳಿತು, ಒಂದೇ ಪ್ರಶ್ನೆ ಕೇಳುವವನಿದ್ದ: ಗೆರೆ ಪರದೆಯದೋ, ಅಜ್ಜನದೋ? ಆ ಇಳಿಜಾರಿನಲ್ಲಿ ಬೆಟ್ಟವನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಅಜ್ಜ ಎನ್ನುತ್ತಾರೆ. ಹೊಗೆ ಹೆಚ್ಚಿದರೆ ಅಜ್ಜನ ಮನೆಯಲ್ಲಿ ಕೆಲಸ ನಡೆದಿದೆ ಎನ್ನುತ್ತಾರೆ. ಗೆರೆ ಅಜ್ಜನದಾದರೆ ಆರುನೂರ ನಲವತ್ತು ಜನ ಸಂಜೆಯೊಳಗೆ ದನಕರುಗಳ ಸಮೇತ ಇಳಿದು ಶಿಬಿರ ಸೇರಬೇಕು. ಪರದೆಯದಾದರೆ ಅವರು ತಮ್ಮ ತಮ್ಮ ಮನೆಯಲ್ಲೇ ಮಲಗಬಹುದು. ತಪ್ಪು ಹೇಳುವ ಅವಕಾಶ ಮಾರ್ಸುದಿಗೆ ಇನ್ನೊಂದು ಉಳಿದಿರಲಿಲ್ಲ. ಇದ್ದ ಒಂದನ್ನು ಅವನು ಮೂರು ವರ್ಷದ ಹಿಂದೆ ಬಳಸಿ ಮುಗಿಸಿದ್ದ.

"ಡ್ರೈವರ್ ಹೊಸದು ಹಾಕಿದೀನಿ ಪಾಕ್," ಎಂದ ದಾನಂಗ್, ಮೇಜಿನ ಕೆಳಗಿನಿಂದ. ವೀಕ್ಷಣಾಲಯದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಅವನ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಹಿರಿಯ ಗಂಡಸರನ್ನು ಅಲ್ಲಿ ಪಾಕ್ ಎನ್ನುತ್ತಾರೆ, ಇನ್ನೂ ಮರ್ಯಾದೆಗೆ ಬಾಪಕ್.

"ನಿನ್ನೆಯೂ ಹೊಸದೇ ಹಾಕಿದ್ದೆ."

"ನಿನ್ನೇದು ನಿನ್ನೆಗೆ ಹೊಸದು ಪಾಕ್. ಇದು ಇವತ್ತಿಂದು."

"ಗೆರೆ?"

ಕಾಲುಗಳು ಸ್ವಲ್ಪ ಯೋಚಿಸಿದವು. "ಗೆರೆ ಸೋಮವಾರದ್ದೇ ಇರಬೇಕು ಪಾಕ್."

ಕಿಟಕಿಯ ಬಳಿಯ ಮೇಜಿನಲ್ಲಿ ಕುಳಿತಿದ್ದ ಪಲುಪಿ ನಗಲಿಲ್ಲ. ಡ್ರೋನ್ ತೆಗೆದ ಸಾವಿರಾರು ಚಿತ್ರಗಳನ್ನು ಹೆಣೆದು ಬೆಟ್ಟದ ಮೈಯನ್ನು ತ್ರಿಕೋನಗಳಲ್ಲಿ ಕಟ್ಟುವುದು ಅವಳ ಕೆಲಸ. ಕಟ್ಟಿದ್ದನ್ನು ಪರದೆಯ ಮೇಲೆ ತಿರುಗಿಸಿ, ಅಳೆದು, ಅರ್ಥ ಹೇಳುವುದು ಮಾರ್ಸುದಿಯ ಕೆಲಸ. ಎರಡೂವರೆ ವರ್ಷದಲ್ಲಿ ಅವಳು ಅವನಿಗೆ ಎದುರು ಹೇಳಿದ್ದು ಅವನ ನೆನಪಿನಲ್ಲಿರಲಿಲ್ಲ. ಏನು ಹೇಳಿದರೂ ಆಯ್ತು ಪಾಕ್. ಚಹಾ ಆರಿದೆಯೇ ಎಂದರೂ ಆಯ್ತು ಪಾಕ್. ಒಳ್ಳೆಯ ಮನೆತನದ ಹುಡುಗಿ ಎಂದು ಅವನು ಹೆಂಡತಿಯ ಎದುರು ಹೊಗಳಿದ್ದ.

ಅವನು ಟಿಪ್ಪಣಿ ಪುಸ್ತಕವನ್ನು ತೆರೆದು ಹದಿನೇಳನೆಯ ಸಾಲಿನ ಮುಂದೆ ಸೊನ್ನೆ ಬರೆದ. ಹದಿನೇಳು ಉಪಾಯ, ಹದಿನೇಳು ಸೊನ್ನೆ. ಕೇಬಲ್ ಬದಲಿಸಿದ್ದಾಯಿತು. ಅಂಚುಗಳನ್ನು ನಯಗೊಳಿಸುವ ಹೊಂದಿಕೆಯನ್ನು ತೆಗೆದದ್ದಾಯಿತು, ನೆರಳನ್ನು ತೆಗೆದದ್ದಾಯಿತು, ಬಣ್ಣಗಳನ್ನು ತಲೆಕೆಳಗು ಮಾಡಿದ್ದಾಯಿತು. ಬುಧವಾರ ಗ್ರಾಫಿಕ್ಸ್ ಕಾರ್ಡನ್ನೇ ಬಿಟ್ಟು ಬರಿಯ ಕಂಪ್ಯೂಟರಿನಿಂದ ಚಿತ್ರ ಬರೆಸಿದಾಗ ಬೆಟ್ಟ, ಗಾಡಿಗೆ ಕಟ್ಟಿದ ಮುದಿ ಕೋಣದ ಹಾಗೆ, ಒಂದು ಹೆಜ್ಜೆಗೆ ನಾಲ್ಕು ಸೆಕೆಂಡು ತೆಗೆದುಕೊಂಡು ತಿರುಗಿತ್ತು. ಗೆರೆಯೂ ಅದರ ಜೊತೆಗೇ ತಿರುಗಿತ್ತು. ಹಾಗಾದರೆ ದೋಷ ಕಾರ್ಡಿನದಲ್ಲ ಎಂದು ಅವನು ಬರೆದುಕೊಂಡಿದ್ದ. ಸಹಾಯವಾಣಿಯ ಹೆಂಗಸು ಅತ್ಯಂತ ವಿನಯದಿಂದ, ಆರಿಸಿ ಹೊತ್ತಿಸಿ ನೋಡಿದಿರಾ ಎಂದು ಮೂರು ಸಲ ಕೇಳಿದ್ದಳು. ಹಳೆಯ ಕಂಪ್ಯೂಟರಿನಲ್ಲಿ ಗೆರೆ ಇರಲಿಲ್ಲ. ಆದರೆ ಹಳೆಯದು ಸೋಮವಾರ ಬೆಳಿಗ್ಗೆಯೇ, ಹೊಸದು ಬಂದ ಲಾರಿಯಲ್ಲೇ, ಪಟ್ಟಣದ ಉಗ್ರಾಣಕ್ಕೆ ಹೋಗಿಬಿಟ್ಟಿತ್ತು. ಸೋಮವಾರ ಮಧ್ಯಾಹ್ನ ಹೊಸ ಪರದೆಯನ್ನು ನೋಡಲು ಬಂದ ಯಾರೋ ಮೊಬೈಲಿನಲ್ಲಿ ಒಂದು ಚಿತ್ರ ಹೊಡೆದುಕೊಂಡರು. ಸಂಜೆಯೊಳಗೆ ಅದು ಮೂರು ಹಳ್ಳಿಗಳ ಎಲ್ಲ ಮೊಬೈಲುಗಳಲ್ಲಿತ್ತು. ಯಂತ್ರವೊಂದು ಕೆಟ್ಟರೆ ಅದು ತನ್ನ ಪಾಡಿಗೆ ಕೆಡಬೇಕು. ಮನುಷ್ಯನ ಹಳೆಯ ಗಾಯವನ್ನು ಹುಡುಕಿ, ಸರಿಯಾಗಿ ಅದೇ ಭುಜದ ಮೇಲೆ, ಅದೇ ಓರೆಯಲ್ಲಿ ಕೆಡುವುದೆಂದರೇನು?

ಮೂರು ವರ್ಷದ ಹಿಂದೆಯೂ ನೈರುತ್ಯದ ಭುಜವೇ. ಅಂದೂ ಕಪ್ಪು ಗೆರೆ. ಗುಮ್ಮಟ ಬಿರುಕು ಬಿಟ್ಟಿದೆ ಎಂದು ಅವನೇ ಎದ್ದು ನಿಂತು ಹೇಳಿದ್ದ. ಆರುನೂರ ನಲವತ್ತು ಜನ ಹತ್ತೊಂಬತ್ತು ದಿನ ಶಿಬಿರದ ಸಿಮೆಂಟಿನ ಮೇಲೆ ಮಲಗಿದರು. ಮೇವಿಲ್ಲದೆ ಹಸುಗಳ ಹಾಲು ಬತ್ತಿತು. ಇಪ್ಪತ್ತನೆಯ ದಿನ ಮೋಡ ಸರಿದು ಡ್ರೋನ್ ಹತ್ತಿರ ಹೋಗಿ ನೋಡಿದಾಗ ಬಿರುಕೂ ಇಲ್ಲ, ಗೀರೂ ಇಲ್ಲ. ಬೆಟ್ಟದ ಮೈಯ ಎರಡು ತಿಂಗಳ ಎರಡು ಮೋಜಣಿಗಳನ್ನು ಅವನು ಒಂದರ ಮೇಲೊಂದು ಹಾಕಿ ನೋಡುತ್ತಿದ್ದ. ಒಂದಕ್ಕೊಂದು ತೀರ ಅಂಟಿದ ಎರಡು ಮೈಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ಯಂತ್ರಕ್ಕೆ ತಿಳಿಯದೆ ಒಮ್ಮೆ ಇದನ್ನೂ ಒಮ್ಮೆ ಅದನ್ನೂ ಬಳಿದಿತ್ತು; ಆ ತಡಬಡಿಕೆಯೇ ಗೆರೆಯಾಗಿ ಕಂಡಿತ್ತು. ಶಿಬಿರದಲ್ಲೇ ದಿನ ತುಂಬುವ ಮೊದಲು ಈದ ಹಸುವೊಂದರ ಕರುವಿಗೆ ವಾಗಿಮಿನ್ 'ಬಿರುಕು' ಎಂದು ಹೆಸರಿಟ್ಟ. ಸಿಟ್ಟಿನಿಂದಲ್ಲ, ನಗುನಗುತ್ತ ಇಟ್ಟ. ಸಂತೆಯಲ್ಲಿ ಸೊಪ್ಪು ಮಾರುವವಳು ಮಾರ್ಸುದಿಯ ಹೆಂಡತಿಗೆ, ಬಿರುಕಿನ ಪಾಕ್ ಚೆನ್ನಾಗಿದ್ದಾರಾ ಅಮ್ಮ, ಎಂದು ಕೇಳಿದಳಂತೆ. ಹೆಂಡತಿ ಅದನ್ನು ಊಟಕ್ಕೆ ಬಡಿಸುತ್ತ, ಅನ್ನಕ್ಕೆ ಉಪ್ಪು ಸಾಲದು ಎನ್ನುವಷ್ಟೇ ಸಹಜವಾಗಿ ಹೇಳಿದಳು. ಅವನು ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡ. ಉಣ್ಣದೆ ಎದ್ದಿದ್ದರೆ ಅವಳಿಗೂ ಗೊತ್ತಾಗುತ್ತಿತ್ತು.

ಆ ವಾರ ಅವನು ಕಾಗದ ಪೆನ್ಸಿಲು ಹಿಡಿದು ಕುಳಿತು ಲೆಕ್ಕ ಮಾಡಿದ್ದ. ಮೊದಲೇ ಮಾಡಬೇಕಾಗಿದ್ದ ಲೆಕ್ಕ. ಯಂತ್ರವು ದೂರವನ್ನು ಒಂದು ಕೋಟಿ ಅರವತ್ತೇಳು ಲಕ್ಷದ ಚಿಲ್ಲರೆ ಮೆಟ್ಟಿಲುಗಳಾಗಿ ಹಂಚುತ್ತದೆ. ಸಮವಾಗಿ ಹಂಚುವುದಿಲ್ಲ, ಕಣ್ಣಿನ ಹತ್ತಿರಕ್ಕೆ ಹೆಚ್ಚು, ದೂರಕ್ಕೆ ಕಡಿಮೆ. ನೋಟ ಎಲ್ಲಿಂದ ಶುರುವಾಗಬೇಕೆಂದು ಹೇಳುವ ಹತ್ತಿರದ ಗಡಿಯನ್ನು ಕಣ್ಣಿನಿಂದ ಹತ್ತು ಸೆಂಟಿಮೀಟರಿಗೆ ಇಟ್ಟರೆ, ಮೂರು ಸಾವಿರ ಮೀಟರಿನಾಚೆಯ ಬೆಟ್ಟದಲ್ಲಿ ಒಂದು ಮೆಟ್ಟಿಲು ಐದು ಮೀಟರ್ ಮೂವತ್ತಾರು ಸೆಂಟಿಮೀಟರ್ ಆಗುತ್ತದೆ. ಅದಕ್ಕಿಂತ ಹತ್ತಿರವಿರುವ ಎರಡು ಮೈಗಳು ಯಂತ್ರಕ್ಕೆ ಒಂದೇ. ಅದೇ ಗಡಿಯನ್ನು ಐವತ್ತು ಮೀಟರಿಗೆ ಸರಿಸಿದರೆ ಮೆಟ್ಟಿಲು ಒಂದು ಸೆಂಟಿಮೀಟರಿಗೆ ಇಳಿಯುತ್ತದೆ. ಹತ್ತು ಸೆಂಟಿಮೀಟರಿನಲ್ಲಿ ನೋಡಲು ಅಲ್ಲಿ ಇದ್ದದ್ದೇನು? ಗಾಳಿ. ಗಾಳಿಯನ್ನು ಸ್ಪಷ್ಟವಾಗಿ ನೋಡುವ ಆಸೆಗೆ ಬೆಟ್ಟ ಮಸುಕಾಗಿತ್ತು. ಅವನು ಗಡಿಯನ್ನು ಐವತ್ತಕ್ಕೆ ಇಟ್ಟ. ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದ. ಅದನ್ನು ಯಾರಿಗೂ ವಿವರಿಸುವ ಅಗತ್ಯ ಅಂದು ಕಾಣಲಿಲ್ಲ.

ಹತ್ತು ಗಂಟೆಗೆ ಹತ್ತು ನಿಮಿಷವಿರುವಾಗ ಅವನ ಪೆನ್ಸಿಲು ಹದಿನೆಂಟನೆಯ ಸಾಲಿನ ಮೇಲೆ ನಿಂತಿತು.

"ದಾನಂಗ್, ಹಳೆಯ ಯಂತ್ರದ ಹೊಂದಿಕೆಗಳನ್ನೆಲ್ಲ ಹೊಸದಕ್ಕೆ ತಂದೆಯಾ?"

"ತಂದೆ ಪಾಕ್."

"ಎಲ್ಲವನ್ನೂ?"

"ಎಲ್ಲಾನೂ ಪಾಕ್. ಗಡಿಯಾರ, ಪ್ರಿಂಟರು, ಹಿಂದಗಡೆ ಇದ್ದ ನಿಮ್ಮ ಮೊಮ್ಮಗಳ ಫೋಟೋ..."

"ಹತ್ತಿರದ ಗಡಿ?"

ದಾನಂಗ್ ಮೇಜಿನ ಕೆಳಗಿನಿಂದ ತಲೆ ಹೊರಗೆ ಹಾಕಿದ. "ಯಾವ ಗಡಿ ಪಾಕ್?"

ನಾಲ್ಕು ದಿನ. ಮಾರ್ಸುದಿ ಹೊಂದಿಕೆಗಳ ಪಟ್ಟಿಯನ್ನು ತೆರೆದ. ಹತ್ತಿರದ ಗಡಿಯ ಮುಂದೆ ಸೊನ್ನೆ ಬಿಂದು ಒಂದು ಎಂದಿತ್ತು: ಹತ್ತು ಸೆಂಟಿಮೀಟರ್, ಕಾರ್ಖಾನೆಯಿಂದ ಬಂದ ಹಾಗೆಯೇ. ತಾನೇ ಹುಡುಕಿದ, ತಾನೇ ಲೆಕ್ಕ ಹಾಕಿದ ಅಂಕಿಯನ್ನು ಮೊದಲು ನೋಡುವ ಬದಲು ಹದಿನೆಂಟನೆಯದಾಗಿ ನೋಡಿದ್ದ. ಒಮ್ಮೆ ಸರಿ ಮಾಡಿದ್ದು ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆ. ಅದು ದಾನಂಗನ ತಪ್ಪಲ್ಲ. ಸೊನ್ನೆ ಬಿಂದು ಒಂದನ್ನು ಅಳಿಸಿ ಐವತ್ತು ಎಂದು ಹೊಡೆದ.

ಗೆರೆ ಹೋಯಿತು. ಒಂದು ಹಲ್ಲೂ ಉಳಿಯದಂತೆ ಹೋಯಿತು. ನೈರುತ್ಯದ ಭುಜ ಈಗ ತಾನೇ ಕಡೆದು ಕಟ್ಟಿದ ಬೆಣ್ಣೆಯ ಹಾಗೆ ನುಣ್ಣಗೆ ಹೊಳೆಯಿತು. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ನುಣುಪು ಕದಲಲಿಲ್ಲ.

"ಯಾ ಅಲ್ಲಾ! ಹೋಯ್ತು ಪಾಕ್!" ದಾನಂಗ್ ಎದ್ದ ಭರದಲ್ಲಿ ತಲೆಯನ್ನು ಮೇಜಿಗೆ ಬಡಿದುಕೊಂಡ. "ನಾಕು ದಿನ ತಿಂದ್ಬಿಟ್ಟಿತ್ತಲ್ಲ ಜೀವಾನ. ಕರಿದ ಸೋಯಾ ತೆಂಪೆ ತರ್ತೀನಿ ಎಲ್ಲರಿಗೂ. ಮೆಣಸಿನಕಾಯಿ ಎಷ್ಟು ತರ್ಲಿ ಪಲುಪಿ?"

"ನಿಮಗೆಷ್ಟು ಬೇಕೋ ಅಷ್ಟು, ಅಣ್ಣ," ಎಂದಳು ಪಲುಪಿ. ಅವಳು ಪರದೆಯನ್ನು ನೋಡುತ್ತಿರಲಿಲ್ಲ. ಮಾರ್ಸುದಿಯ ಕೈಯನ್ನು ನೋಡುತ್ತಿದ್ದಳು.

ದಾನಂಗನ ಸ್ಕೂಟರಿನ ಸದ್ದು ತಿರುವಿನಲ್ಲಿ ಅಡಗಿತು. ನೆಮ್ಮದಿ ಬರಬೇಕಾಗಿತ್ತು, ಬಂದು ಬಾಗಿಲಲ್ಲೇ ನಿಂತ ಹಾಗಿತ್ತು. ಯಾವುದೋ ಒಂದು ಸಂಖ್ಯೆ ಎಣಿಕೆಗೆ ಸಿಗದೆ ಉಳಿದಿದೆ. ಚಿಕ್ಕವನಿದ್ದಾಗ ಲೆಕ್ಕದ ಮೇಷ್ಟ್ರು ಉತ್ತರ ಸರಿ ಇದ್ದರೂ ಸ್ಲೇಟನ್ನು ಹಿಂತಿರುಗಿಸುತ್ತಿರಲಿಲ್ಲ. ಶೇಷ ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರು. ಶೇಷವಿಲ್ಲ ಎಂದರೆ, ಇಲ್ಲ ಎಂದು ಬರೆ ಎನ್ನುತ್ತಿದ್ದರು. ಎರಡು ಮೈಗಳು ಅಂಟಿದಾಗ ಯಂತ್ರ ತಡಬಡಿಸುತ್ತದೆ. ಎರಡು. ಮೂರು ವರ್ಷದ ಹಿಂದೆ ಎರಡು ಮೋಜಣಿಗಳಿದ್ದವು. ಇಂದು ಅವನು ತೆರೆದದ್ದು ಭಾನುವಾರದ ಒಂದೇ ಮೋಜಣಿ. ಒಂದೇ ಮೈ ತನ್ನೊಡನೆ ತಾನು ಜಗಳವಾಡುವುದಿಲ್ಲ.

ಎರಡನೆಯ ಮೈ ಅವನದೇ. ಆ ಹತ್ತೊಂಬತ್ತು ದಿನಗಳ ನಂತರ, ಸುಳ್ಳು ಗೆರೆಯೊಂದು ಇನ್ನು ತನ್ನ ಜೀವಮಾನದಲ್ಲಿ ಕಾಣಿಸಬಾರದೆಂದು, ಅವನೊಂದು ಹೊದಿಕೆಯನ್ನು ಏರ್ಪಡಿಸಿದ್ದ: ಮೋಜಣಿಯನ್ನು ಕಟ್ಟುವಾಗಲೇ ಅದರಲ್ಲಿ ನಾಲ್ಕು ಮೀಟರಿಗಿಂತ ಕಿರಿದಾದ ಸೀಳು ಎಲ್ಲಿ ಕಂಡರೂ ಅದರ ಮೇಲೆ, ಅಂಚುಗಳನ್ನೂ ಸೇರಿಸಿ, ಬೂದುಬಣ್ಣದ ಒಂದು ತೆಳು ಪದರ ಬೀಳಬೇಕು. ಚಿತ್ರದ ದೋಷ ಕಳೆಯುವ ಕ್ರಮ ಎಂದು ಅದಕ್ಕೆ ಮರ್ಯಾದೆಯ ಹೆಸರಿಟ್ಟಿದ್ದ. ನಾಚಿಕೆಗೆ ಹೊದಿಸಿದ ಬಟ್ಟೆ ಅದು. ಆ ಹೆಸರನ್ನು ಯಾವ ಹಾಳೆಯಲ್ಲೂ ಬರೆಯಲು ಬರುತ್ತಿರಲಿಲ್ಲ. ಮುಚ್ಚಲು ಏನಾದರೂ ಇದ್ದರೆ ಮಾತ್ರ ಆ ಪದರ ಹುಟ್ಟುತ್ತಿತ್ತು. ಇಲ್ಲದಿದ್ದರೆ ಅದರಲ್ಲಿ ತ್ರಿಕೋನಗಳ ಸಂಖ್ಯೆ ಸೊನ್ನೆ.

"ಪಲುಪಿ, ಎರಡನೆಯ ಪದರದಲ್ಲಿ ಈಗ ಎಷ್ಟು ತ್ರಿಕೋನಗಳಿವೆ?"

"ಏಳು ಸಾವಿರದ ನಾನೂರ ಅರವತ್ತು ಪಾಕ್."

ಅವಳು ಏನನ್ನೂ ತೆರೆದು ನೋಡಿರಲಿಲ್ಲ.

"ಕಳೆದ ತಿಂಗಳ ಕೊನೆಗೆ?"

"ಮೂರು ಸಾವಿರದ ನೂರ ಹದಿನೆಂಟು. ಅದರ ಹಿಂದಿನ ತಿಂಗಳು ಒಂಬೈನೂರ ನಲವತ್ತು. ಅದರ ಹಿಂದೆ ಇನ್ನೂರ ಹನ್ನೆರಡು. ಅದಕ್ಕೂ ಮುಂಚೆ ಎಲ್ಲ ಸೊನ್ನೆ ಪಾಕ್."

"ನನಗೆ ಯಾಕೆ ಹೇಳಲಿಲ್ಲ?"

"ಬರೆದಿದ್ದೆ ಪಾಕ್. ತಿಂಗಳ ಹಾಳೆಯಲ್ಲಿ, ಏಳನೇ ಸಾಲು. ಬಾಪಕ್ ಸಹಿ ಇದೆ."

ಅವನು ಕಪಾಟಿನಿಂದ ಕಡತವನ್ನು ತಾನೇ ಎದ್ದು ತಂದ. ಮೂವತ್ತು ತಿಂಗಳು, ಮೂವತ್ತು ಹಾಳೆ, ಮೂವತ್ತು ಸಹಿ. ಕೆಳಗಿನ ಮೊತ್ತ ಸರಿಯಿದೆಯೇ ಎಂದು ನೋಡದೆ ಅವನು ಸಹಿ ಹಾಕುವವನಲ್ಲ. ಅಷ್ಟು ಮಾತ್ರ ನೋಡಿ ಸಹಿ ಹಾಕುವವನು. ಪ್ರತಿ ಹಾಳೆಯ ಏಳನೆಯ ಸಾಲೂ ಒಂದೇ ರೀತಿ ಇತ್ತು: ಎರಡನೆಯ ಪದರ, ಬಾಪಕ್ ಅವರ ನಿರ್ದೇಶನದಂತೆ, ಮುಂದೆ ಒಂದು ಸಂಖ್ಯೆ. ಇಪ್ಪತ್ತೇಳು ಹಾಳೆಗಳಲ್ಲಿ ಸೊನ್ನೆ. ಕೊನೆಯದು ಮೂರು ತಿಂಗಳುಗಳನ್ನು ಕೂಡಿಸಿದ ಹಾಳೆ. ಅದರಲ್ಲಿ ಇನ್ನೂರ ಹನ್ನೆರಡು, ಒಂಬೈನೂರ ನಲವತ್ತು, ಮೂರು ಸಾವಿರದ ನೂರ ಹದಿನೆಂಟು. ಪಕ್ಕದಲ್ಲಿ ಮೊತ್ತ ನಾಲ್ಕು ಸಾವಿರದ ಮುನ್ನೂರ ಎಪ್ಪತ್ತು. ಮೊತ್ತದ ಮೇಲೆ ಕೆಂಪು ಮಸಿಯ ಗೆರೆ. ಮೇಲೆ ಅವನದೇ ಅಕ್ಷರದಲ್ಲಿ ನಾಲ್ಕು ಸಾವಿರದ ಇನ್ನೂರ ಎಪ್ಪತ್ತು. ಅಂಚಿನಲ್ಲಿ, ಅದೂ ಕೆಂಪಿನಲ್ಲಿ: 'ನೂರು ಹೆಚ್ಚಾಗಿದೆ. ಎಚ್ಚರಿಕೆ ಇರಲಿ.' ಕೆಳಗೆ ಸಹಿ.

ಅವನು ಆ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಕೂಡಿದ. ಕೂಡಿದಷ್ಟು ಸಲವೂ ಅದು ನಾಲ್ಕು ಸಾವಿರದ ಇನ್ನೂರ ಎಪ್ಪತ್ತೇ.

"ಈ ಮೂವತ್ತು ತಿಂಗಳಲ್ಲಿ ನೀನು ಕೂಡುವುದರಲ್ಲಿ ಬೇರೆಲ್ಲೂ ತಪ್ಪಿಲ್ಲ."

"ಇಲ್ಲ ಪಾಕ್."

"ಇಲ್ಲಿ?"

ಪಲುಪಿ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡಳು. "ಮೊತ್ತ ತಪ್ಪಾಗಿದ್ರೆ ಮಾತ್ರ ಬಾಪಕ್ ಆ ಸಾಲು ಪೂರ್ತಿ ಓದ್ತಾರೆ ಅಂದ್ಕೊಂಡೆ." ಹಾಳೆಯ ಕೆಂಪು ಮಸಿಯನ್ನು ನೋಡಿದಳು. "ಓದಿದ್ರಿ ಪಾಕ್."

"ಬಾಯಿ ಇರಲಿಲ್ಲವೇ ನಿನಗೆ?" ಅವನ ದನಿ ಅವನಿಗೇ ಅಪರಿಚಿತವಾಗುವಷ್ಟು ಏರಿತು. "ಬಂದು ಎದುರು ನಿಂತು, ಪಾಕ್, ಇದು ತಪ್ಪು ಎಂದು ಹೇಳಿದ್ದರೆ ನಾನೇನು ನುಂಗುತ್ತಿದ್ದೆನೇ?"

"ಮೊದಲನೇ ವಾರ ಕೇಳಿದ್ದೆ ಪಾಕ್. ಈ ಪದರ ಯಾತಕ್ಕೆ ಅಂತ."

"ನಾನೇನು ಹೇಳಿದೆ?"

"ಗೊತ್ತಿದ್ದವರು ಹಾಕಿದ್ದು ಅಂದ್ರಿ."

"ನೀನು?"

"ಆಯ್ತು ಪಾಕ್ ಅಂದೆ."

ಹೊರಗೆ ಯಾರೋ ಹುಲ್ಲಿನ ಹೊರೆ ಹೊತ್ತು ಇಳಿಯುತ್ತಿದ್ದರು. ಕಿಟಕಿಯಲ್ಲಿ ಹಸಿರು ಮಾತ್ರ ನಡೆದು ಹೋಯಿತು, ಮನುಷ್ಯ ಕಾಣಲಿಲ್ಲ. ಮಾರ್ಸುದಿ ಇಪ್ಪತ್ತಾರರ ಹರೆಯದಲ್ಲಿದ್ದಾಗ ಆಗಿನ ಮುಖ್ಯಸ್ಥರು ಉಷ್ಣಮಾಪಕವನ್ನು ತಲೆಕೆಳಗಾಗಿ ಹಿಡಿದು ಓದಿದ್ದರು. ಇವನು ಹೇಳಲಿಲ್ಲ, ತನ್ನ ಕತ್ತನ್ನೂ ತಲೆಕೆಳಗಾಗುವಷ್ಟು ವಾಲಿಸಿ ಪಕ್ಕದಲ್ಲಿ ನಿಂತಿದ್ದ, ಅವರು ನೋಡಿ ಅರ್ಥ ಮಾಡಿಕೊಳ್ಳಲಿ ಎಂದು. ಅವರು ಅರ್ಥ ಮಾಡಿಕೊಂಡಿದ್ದರು. ಆ ಮನುಷ್ಯನನ್ನು ಜೀವಮಾನವಿಡೀ ದಡ್ಡನೆಂದು ಎಣಿಸಿದ್ದ. ಇಲ್ಲಿ ಒಬ್ಬಳು ಹುಡುಗಿ, ಎಂದೂ ತಪ್ಪದವಳು, ತನ್ನ ಹೆಸರಿಗೆ ಒಂದು ತಪ್ಪನ್ನು ಅಂಟಿಸಿಕೊಂಡು ಅವನ ಕಣ್ಣ ಮುಂದೆ ಇಟ್ಟಿದ್ದಾಳೆ. ಅವನು ಕೆಂಪು ಮಸಿಯಲ್ಲಿ ಅವಳಿಗೆ ಬುದ್ಧಿ ಹೇಳಿ ಕಳಿಸಿದ್ದಾನೆ.

ಗಂಟೆ ಹತ್ತೂಮುಕ್ಕಾಲು. ಪರದೆಯಲ್ಲಿ ಪದರದ ಹೆಸರಿನ ಮುಂದೆ ಒಂದು ಸಣ್ಣ ಚೌಕ, ಅದರಲ್ಲೊಂದು ಗುರುತು. ಗುರುತನ್ನು ತೆಗೆದರೆ ಹೊದಿಕೆ ಹೋಗುತ್ತದೆ. ಅವನು ತೆಗೆಯಲಿಲ್ಲ. ಕಂಪನದ ಸೂಜಿ ವಾರದಿಂದ ಶಾಂತವಾಗಿದೆ. ದಿನಕ್ಕೆ ಹದಿನಾಲ್ಕು ಕಲ್ಲುಗಳು ಉರುಳುತ್ತವೆ. ವರ್ಷದ ಸರಾಸರಿಯೂ ಹದಿನಾಲ್ಕೇ. ಇಂದು, ಗೆರೆ ಪರದೆಯದು, ನೋಡಿ, ಹೋಗಿದೆ, ಎಂದು ಹೇಳಿ ಕಳಿಸಬಹುದು. ಅದು ಸುಳ್ಳೂ ಅಲ್ಲ, ಹೋದದ್ದು ಪರದೆಯ ಗೆರೆಯೇ. ನಾಳೆ ಡ್ರೋನನ್ನು ಮತ್ತೆ ಹಾರಿಸಿ, ಸೋಮವಾರ ಮುಖ್ಯ ಕಚೇರಿಗೆ ಬರೆದು, ಹೊಸ ಸಂಗತಿಯೊಂದು ಈಗ ತಿಳಿದುಬಂದಿದೆ ಎಂದು ಹೇಳಬಹುದು. ನಾಲ್ಕು ದಿನ. ಇನ್ನೂರ ಹನ್ನೆರಡರಿಂದ ಒಂಬೈನೂರ ನಲವತ್ತು, ಅಲ್ಲಿಂದ ಮೂರು ಸಾವಿರದ ನೂರ ಹದಿನೆಂಟು, ಹದಿನಾರೇ ದಿನಕ್ಕೆ ಏಳು ಸಾವಿರದ ನಾನೂರ ಅರವತ್ತು. ಸೀಳು ನಾಲ್ಕು ಮೀಟರ್ ದಾಟಿದರೆ ಹೊದಿಕೆ ತಾನಾಗಿಯೇ ಸೋಲುತ್ತದೆ, ಗೆರೆ ತಾನಾಗಿಯೇ ಕಾಣುತ್ತದೆ. ಆ ಹೊತ್ತಿಗೆ ನೋಡಲು ಪರದೆಯ ಅಗತ್ಯ ಯಾರಿಗೂ ಇರುವುದಿಲ್ಲ.

"ಕೆಳಗೇನಿದೆ ಎಂದು ನೀನು ನೋಡಿದ್ದೀಯಾ?"

"ಬಾಪಕ್ ತೆಗೆದ್ರೆ ನೋಡ್ತೀನಿ," ಎಂದಳು ಪಲುಪಿ. ಆಗಲೇ ನೋಡಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

ಜಗಲಿಯಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ವಾಗಿಮಿನ್ ಹತ್ತು ನಿಮಿಷ ಮೊದಲೇ ಬಂದಿದ್ದ. ಬಾಗಿಲಲ್ಲಿ ಬಗ್ಗಿ, ಬಲಗೈಯಿಂದ ಎಲ್ಲರ ಕೈಗಳನ್ನೂ ಮೃದುವಾಗಿ ಮುಟ್ಟಿ, ಆ ಕೈಯನ್ನು ಎದೆಗೆ ಒತ್ತಿಕೊಂಡು, ನಂತರ ಚೀಲದಿಂದ ಒಂದು ಬಾಟಲಿಯನ್ನು ತೆಗೆದು ಮೇಜಿನ ಮೇಲೆ, ತೆರೆದಿಟ್ಟ ಹಾಳೆಯ ಪಕ್ಕದಲ್ಲಿ ಇಟ್ಟ.

"ಬಿರುಕಿನ ಹಾಲು ಪಾಕ್. ಬೆಳಿಗ್ಗೆ ಕರೆದಿದ್ದು. ಚೊಚ್ಚಲು ಆದ್ರೂ ದಿನಕ್ಕೆ ಒಂಬತ್ತು ಲೀಟರ್ ಕೊಡ್ತಾಳೆ. ಶಿಬಿರದಲ್ಲಿ ಹುಟ್ಟಿದ್ದು ನೋಡಿ, ಕಷ್ಟ ಸಹಿಸೋ ಗುಣ."

"ಯಾಕೆ ತೊಂದರೆ ತೆಗೆದುಕೊಂಡಿರಿ."

"ತೊಂದರೆ ಎಂಥದು! ನೀವಿಲ್ಲದಿದ್ರೆ ಅವಳಿಗೆ ಹೆಸರೇ ಇರ್ತಿರ್ಲಿಲ್ಲ."

ಆ ಹಸು ಕರು ಹಾಕಿದಂದಿನಿಂದ ವಾಗಿಮಿನ್ ಬಂದಾಗಲೆಲ್ಲ ಒಂದು ಬಾಟಲಿ. ಅದರ ಒಂದು ಹನಿಯನ್ನೂ ಮಾರ್ಸುದಿ ಕುಡಿದಿರಲಿಲ್ಲ. ದಾನಂಗ್ 'ಬಿರುಕು' ಎಂಬ ಹೆಸರಿನ ಬಗ್ಗೆ ಯಾವ ಸಂಕೋಚವೂ ಇಲ್ಲದೆ ಪೂರ್ತಿ ಕುಡಿಯುತ್ತಿದ್ದ.

ವಾಗಿಮಿನ್ ಕುರ್ಚಿಯ ಅಂಚಿನಲ್ಲಿ ಕುಳಿತು ಪರದೆಯನ್ನು ನೋಡಿದ. ಮೊಬೈಲನ್ನು ತೆಗೆದು ಸೋಮವಾರದ ಚಿತ್ರವನ್ನು ನೋಡಿದ. ಮತ್ತೆ ಪರದೆಯನ್ನು ನೋಡಿದ. ಅವನ ಮುಖ ನಿಧಾನವಾಗಿ ಅರಳಿತು.

"ಇಲ್ವಲ್ಲ ಪಾಕ್! ಗೆರೆ ಎಲ್ಲಿ? ಪರದೇದೇ ಆಗಿತ್ತು ಅನ್ನಿ."

"ನಡುಗುತ್ತಿದ್ದ ಗೆರೆ ಪರದೆಯದು. ಅದನ್ನು ಸರಿ ಮಾಡಿದೆ."

"ನಾ ಹೇಳ್ಲಿಲ್ವಾ ನಮ್ಮೋರಿಗೆ! ಹೆಂಗಸ್ರು ಆಗ್ಲೇ ಚಾಪೆ ಸುತ್ತಿಟ್ಟವ್ರೆ. ಪಾಕ್ ಮಾರ್ಸುದಿ ಒಂದೇ ಕಲ್ಲನ್ನ ಎರಡು ಸಲ ಎಡವೋ ಮನುಷ್ಯ ಅಲ್ಲ ಅಂದೆ. ಇವತ್ತು ನನ್ನ ತಮ್ಮನ ಮನೇಲಿ ಊಟ ಬೇರೆ ಇಟ್ಕೊಂಡವ್ರೆ, ಕೋಳಿ ಕೊಯ್ಯೋದೋ ಬೇಡ್ವೋ ಅಂತ ಕಾಯ್ತಾ ಕೂತವ್ರೆ. ಫೋನ್ ಮಾಡಿ ಕೊಯ್ರೋ ಅಂತೀನಿ." ಅವನು ಏಳಲು ಮೊಣಕಾಲಿನ ಮೇಲೆ ಕೈಯೂರಿದ.

ಅವನನ್ನು ಹೋಗಗೊಡಲು ಏನನ್ನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಮೂವತ್ತು ತಿಂಗಳು ಮಾಡಿದ್ದು ಅದನ್ನೇ. ಪಲುಪಿ ಕಿಟಕಿಯ ಬಳಿ, ಮಡಿಲಲ್ಲಿ ಕೈಯಿಟ್ಟುಕೊಂಡು, ಆಯ್ತು ಪಾಕ್ ಎನ್ನಲು ಸಿದ್ಧಳಾಗಿ ಕುಳಿತಿದ್ದಳು. ಅವನು ಏನು ಹೇಳಿದರೂ ಅವಳು ಅದನ್ನೇ ಹೇಳುತ್ತಾಳೆ. ಆ ಮಾತನ್ನು ಕೇಳುವ ಶಕ್ತಿ ತನಗೆ ಇನ್ನು ಉಳಿದಿಲ್ಲ ಎಂದು ಅವನಿಗೆ ಅನ್ನಿಸಿತು.

"ಕುಳಿತುಕೊಳ್ಳಿ, ಪಾಕ್ ವಾಗಿಮಿನ್. ನೀವು ನೋಡುತ್ತಿರುವುದು ಅಜ್ಜನನ್ನಲ್ಲ."

ಅವನು ಚೌಕದಲ್ಲಿದ್ದ ಗುರುತನ್ನು ತೆಗೆದ.

ಬೆಣ್ಣೆಯ ನುಣುಪು ಕಳಚಿ ಹೋಯಿತು. ಕೆಳಗೆ ಬೆಟ್ಟದ ನಿಜವಾದ ಮೈ: ಕಂದು, ಒರಟು, ಮುದಿ ಆಮೆಯ ಬೆನ್ನಿನಂಥದು. ಆ ಭುಜದ ಮೇಲೆ ಒಂದು ಗೆರೆ. ಅದು ತೆಳ್ಳಗಿತ್ತು, ಸೋಮವಾರದ ಗೆರೆಯಷ್ಟು ಕಪ್ಪಾಗಿಯೂ ಇರಲಿಲ್ಲ. ಮಾರ್ಸುದಿ ಬೆಟ್ಟವನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಹತ್ತಿರಕ್ಕೆ ಎಳೆದ. ಮೌಸನ್ನು ಕೂದಲೆಳೆಯಷ್ಟು ಸರಿಸಿದ. ಗೆರೆ ನಡುಗಲಿಲ್ಲ.

ವಾಗಿಮಿನ್ ಪರದೆಯ ಹತ್ತಿರಕ್ಕೆ ಬಗ್ಗಿದ.

"ಇದು?" ಎಂದ ವಾಗಿಮಿನ್.

"ಅಜ್ಜನದು."

"ಅಗಲ ಎಷ್ಟು?"

ಅವನು ಅಳೆದ. ಎರಡು ಸಲ ಅಳೆದ. "ಎರಡು ಮೀಟರ್ ನಲವತ್ತು. ಉದ್ದ ಎಪ್ಪತ್ತನಾಲ್ಕು."

"ಬಿರುಕು ಅಡ್ಡ ನಿಂತ್ರೂ ಒಳಗೆ ಹಿಡಿಸ್ತಾಳೆ," ಎಂದ ವಾಗಿಮಿನ್, ನಗುವಿಲ್ಲದೆ. "ಯಾವಾಗಿಂದ ಐತೆ?"

"ಮೂರು ತಿಂಗಳಿನಿಂದ. ನಾಲ್ಕು ಮೀಟರಿನ ಒಳಗಿನದು ಯಾವುದೂ ಕಾಣಬಾರದೆಂದು ನಾನೇ ಯಂತ್ರಕ್ಕೆ ಹೇಳಿಟ್ಟಿದ್ದೆ. ಹೋದ ಸಲ ಆದದ್ದು ಮತ್ತೆ ಆಗಬಾರದೆಂದು. ಇವಳು ನನಗೆ ತಿಳಿಸಿದ್ದಳು. ನನಗೆ ತಿಳಿಯಲಿಲ್ಲ."

ವಾಗಿಮಿನ್ ಮೊಬೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಸಿಟ್ಟಾಗುತ್ತಾನೆಂದು ಮಾರ್ಸುದಿ ಕಾದ. ಸಿಟ್ಟು ಬಂದಿದ್ದರೆ ಹಗುರವಾಗುತ್ತಿತ್ತು.

"ಅಂದ್ರೆ ಮೂರು ತಿಂಗಳು ನಾವು ಅಜ್ಜನ ಕೆಳಗೆ ಮಲಗಿರ್ಲಿಲ್ಲ," ಎಂದ ವಾಗಿಮಿನ್. "ನಿಮ್ಮ ಕೆಳಗೆ ಮಲಗಿದ್ವಿ."

ಎದ್ದು ನಿಂತು ಮನೆಗೆ ಫೋನ್ ಮಾಡಿದ. "ಹೂಂ, ಇಳೀರಿ. ಕೋಳಿ ಹಾಗೇ ಬುಟ್ಟೀಲಿ ಹಾಕ್ಕೊಂಡು ಬನ್ನಿ, ಕೆಳಗೇ ಕೊಯ್ಯೋಣ. ಮೊದ್ಲು ಬಿರುಕು, ಅವಳ ಕರು, ಆಮೇಲೆ ಮಿಕ್ಕ ದನ. ಮುದುಕ್ರನ್ನ ಗಾಡಿಗೆ ಹತ್ಸಿ. ಇಲ್ಲ, ಪರದೇದಲ್ಲ. ಇಲ್ಲ ಅಂದ್ನಲ್ಲೇ, ನನ್ನ ಕಣ್ಣಾರೆ ನೋಡ್ದೆ. ಅವ್ರೇ ತೆಗೆದು ತೋರ್ಸಿದ್ರು." ಫೋನನ್ನು ಜೇಬಿಗೆ ಹಾಕಿ ಮಾರ್ಸುದಿಯ ಕಡೆ ತಿರುಗಿದ. "ಹೋದ ಸಲ ಇಪ್ಪತ್ತು ದಿನ ಅಂದಿದ್ರಿ, ಹತ್ತೊಂಬತ್ತಕ್ಕೆ ಮುಗೀತು. ಈ ಸಲ ಎಷ್ಟು?"

ಮಾರ್ಸುದಿಯ ನಾಲಿಗೆಯ ಮೇಲೆ ಒಂದು ಸಂಖ್ಯೆ ತಾನಾಗಿ ಬಂದು ನಿಂತಿತು. ಅವನು ಅದನ್ನು ನುಂಗಿದ.

"ಗೊತ್ತಿಲ್ಲ."

"ಸರಿ ಬಿಡಿ," ಎಂದ ವಾಗಿಮಿನ್. ಬಾಗಿಲವರೆಗೆ ಹೋದವನು ಏನೋ ನೆನಪಾಗಿ ಹಿಂದಿರುಗಿ, ಮೇಜಿನ ಮೇಲಿದ್ದ ಹಾಲಿನ ಬಾಟಲಿಯನ್ನು ಎತ್ತಿಕೊಂಡ. "ಶಿಬಿರದಲ್ಲಿ ಬೇಕಾಗ್ತದೆ ಪಾಕ್. ಮಕ್ಳು ಅವೆ." ಬಗ್ಗಿ, ಕೈ ಮುಟ್ಟಿ, ಎದೆಗೆ ಒತ್ತಿಕೊಂಡು, ಚಪ್ಪಲಿ ಮೆಟ್ಟಿ ಹೋದ. ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ.

ಬಾಟಲಿಯ ತಳದ ಒದ್ದೆ ಹಾಳೆಯ ಅಂಚಿಗೆ ತಾಗಿ, ಕೆಂಪು ಮಸಿಯ 'ಎಚ್ಚರಿಕೆ' ಕರಗಿ ಹರಡಿತ್ತು. ಪಲುಪಿ ಆಗಲೇ ಮುಖ್ಯ ಕಚೇರಿಯ ಸಂಖ್ಯೆಯನ್ನು ಒತ್ತಿ, ಫೋನನ್ನು ಅವನ ಮುಂದೆ ಹಿಡಿದಿದ್ದಳು. ಅತ್ತ ಕಡೆ ಗಂಟೆ ಬಾರಿಸುತ್ತಿತ್ತು.

"ನೀನೇ ಹೇಳು, ಮಗಳೇ," ಎಂದ ಅವನು. "ಏಳನೆಯ ಸಾಲಿನಿಂದ ಶುರು ಮಾಡು. ಪದರ ಯಾರು ಹಾಕಿದ್ದು ಎಂದು ಕೇಳಿದರೆ ನನ್ನ ಹೆಸರು ಹೇಳು."

ಅವಳು ಆಯ್ತು ಎನ್ನಲಿಲ್ಲ. ಫೋನನ್ನು ಕಿವಿಗೆ ಹಚ್ಚಿಕೊಂಡು ಎದ್ದು ನಿಂತಳು. ಅವಳ ದನಿ ಇಷ್ಟು ದೊಡ್ಡದಿದೆ ಎಂದು ಅವನಿಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ದಾನಂಗ್ ಬಂದ. ಎಣ್ಣೆ ಇಳಿದ ಕಾಗದದ ಪೊಟ್ಟಣ, ಬಾಯಲ್ಲಿ ಅರ್ಧ ತೆಂಪೆ, ಇನ್ನೊಂದು ಕೈಯಲ್ಲಿ ಹಸಿಮೆಣಸಿನಕಾಯಿಯ ಗೊಂಚಲು. ಪರದೆಯನ್ನು ನೋಡಿ ಅಲ್ಲೇ ನಿಂತುಬಿಟ್ಟ.

"ಅಯ್ಯೋ ಪಾಕ್, ಮತ್ತೆ ಬಂತಾ ಈ ಶನಿ ಗೆರೆ? ಇರಿ ಇರಿ, ಒಂದ್ಸಲ ಆರಿಸಿ ಹೊತ್ತಿಸ್ತೀನಿ." ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಎಣ್ಣೆಯ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಗುಂಡಿಯ ಕಡೆಗೆ ಕೈ ಚಾಚಿದ.

"ಮುಟ್ಟಬೇಡ," ಎಂದ ಮಾರ್ಸುದಿ.